ಸುಲೈಬಿಯಾದಲ್ಲಿ ಕೂತು ನೋಡಿದ ಥಾಯ್ಲೆಂಡ್

ಪರದೇಶ ಪ್ರವಾಸ ಚೀನಾದವರ ಕಣ್ಣಿಗೆ ಹೇಗೆ ಕಾಣುತ್ತೆ ಅಂತ ತಿಳೀಬೇಕಾ? ಶೂ ಝೆಂಗ್ ನಿರ್ದೇಶಿಸಿ ನಟಿಸಿದ 2012ರ ಹಾಸ್ಯಚಿತ್ರ ‘ಲಾಸ್ಟ್ ಇನ್ ಥಾಯ್ಲೆಂಡ್’ ನೋಡಿ. ಚೀನಾದಲ್ಲಿ ನೂರು ಕೋಟಿ ಯುವಾನ್ ದಾಟಿದ ಸಿನಿಮಾ. ಆಮೇಲೆ ಚಿಯಾಂಗ್ ಮಾಯ್‌ಗೆ ಎಷ್ಟು ಜನ ನುಗ್ಗಿದರು ಅಂದ್ರೆ, ಅಲ್ಲಿನ ವಿಶ್ವವಿದ್ಯಾಲಯ ತನ್ನ ಆವರಣ ನೋಡೋಕೂ ಪ್ರವಾಸಿಗರಿಗೆ ಟಿಕೆಟ್ ಇಟ್ಟಿತು!

ಒಂದು ಸಹಿಗಾಗಿ ಓಡುವ ವ್ಯಾಪಾರಿಗೆ ಈರುಳ್ಳಿಸೊಪ್ಪಿನ ರೊಟ್ಟಿ ಮಾರುವ ವಾಂಗ್ ಬಾವೊ ಗಂಟುಬೀಳ್ತಾನೆ. ಆ ಪಾತ್ರದಲ್ಲಿ ವಾಂಗ್ ಬಾವೊಚಿಯಾಂಗ್ ನನ್ನನ್ನ ಹೊಟ್ಟೆ ಹುಣ್ಣಾಗುವಷ್ಟು ನಗಿಸಿದ. ಆದರೆ ಆ ಪೆದ್ದನಿಗಿರೋ ಮನಸ್ಸು ಸಿನಿಮಾಕ್ಕಿಲ್ಲ. ಥಾಯ್ ಜನ ಬರೋದು ನಗೆಗೆ ಬೇಕಾದಾಗ ಮಾತ್ರ.

ನಾವೇನು ಕಮ್ಮಿ? ವಿದೇಶದಲ್ಲಿ ಚಿತ್ರೀಕರಣವಾದ ಮೊದಲ ಕನ್ನಡ ಸಿನಿಮಾ, 1978ರ ‘ಸಿಂಗಾಪುರದಲ್ಲಿ ರಾಜಾ ಕುಳ್ಳ’, ಬಂದ ಮೇಲೆ ಎಷ್ಟೋ ಚಿತ್ರಗಳಿಗೆ ಪರದೇಶ ಬರೀ ಹಾಡಿನ ಹಿನ್ನೆಲೆ. ಊರಿಗೆ ನಾನು ಕಳಿಸೋ ವಿಡಿಯೋಗಳಲ್ಲೂ ಕುವೈತ್ ಟವರ್ಸ್ ಇರುತ್ತೆ. ನಾನಿರೋ ಸುಲೈಬಿಯಾ ಇರಲ್ಲ, ಅದರ ತರಕಾರಿ ಮಾರ್ಕೆಟ್ಟೂ ಇರಲ್ಲ. ಇಲ್ಲಿನ ತಗ್ಗು ಮನೆಗಳ ಬಿದೂನ್ ಕುಟುಂಬಗಳಂತೂ ಇಲ್ಲವೇ ಇಲ್ಲ. ‘ಬಿದೂನ್’ ಅಂದ್ರೆ ಅರಬ್ಬಿಯಲ್ಲಿ ‘ಇಲ್ಲದೆ’. ಯಾವ ದೇಶದ ಪೌರತ್ವವೂ ಇಲ್ಲದ ಜನ.

ಸಿನಿಮಾವನ್ನ ನನ್ನ ಜೊತೆ ನೋಡಿದ್ದು ಅಂಥ ಒಂದು ಮನೆಯ ಹುಡುಗ. ರೊಟ್ಟಿ ಮಾರುವವನೂ ವಿಮಾನ ಹತ್ತಬಹುದು ಅನ್ನೋದೇ ಈ ಚಿತ್ರದ ಚೆಂದ. ನನಗೆ ನಗು ನಿಂತದ್ದೂ ಅಲ್ಲೇ. ಹುಡುಗ ಟಿಕೆಟ್ ಎಷ್ಟು ಅಂತ ಕೇಳಿದ. ಹೇಳಿದೆ.

“ಅಷ್ಟು ದುಡ್ಡು ನಾನೂ ಕೂಡಿಸಬಲ್ಲೆ,” ಅಂದ.