ಬಂದೋಬಸ್ತ್ ಬಿಲ್ ಯಾರ ಹೆಸರಿಗೆ?

2025ರ ಜೂನ್ 4. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಸೀಟು ಸುಮಾರು 35 ಸಾವಿರ. ಆರ್‌ಸಿಬಿ ಗೆಲುವಿನ ಸಂಭ್ರಮಕ್ಕೆ ಬಂದವರು ಲಕ್ಷಗಟ್ಟಲೆ. ಕಾಲ್ತುಳಿತದಲ್ಲಿ 11 ಜನ ಸತ್ತರು. ಪೊಲೀಸರ ಬಳಿ ಅಲ್ಲಾದ್ದೀನನ ದೀಪ ಇಲ್ಲ ಅಂತ ಕೇಂದ್ರ ಆಡಳಿತ ನ್ಯಾಯಮಂಡಳಿ ಆಮೇಲೆ ಹೇಳಿತು. ನಿಜ. ಆದರೆ ಉಜ್ಜೋಕೆ ಖರ್ಚೇ ಇಲ್ಲ ಅಂದ್ರೆ ಆ ದೀಪವನ್ನು ಯಾರು ತಾನೇ ಉಜ್ಜದೆ ಬಿಡ್ತಾರೆ?

ಟಿಕೆಟ್, ಜಾಹೀರಾತು, ಪ್ರಸಾರದ ಹಕ್ಕು: ಲಾಭವೆಲ್ಲ ಆಯೋಜಕರದ್ದು, ಕಾವಲಿನ ಖರ್ಚು ಮಾತ್ರ ಎಲ್ಲರದ್ದು. ಬಂದೋಬಸ್ತಿಗೆಂದು ಹೊರಜಿಲ್ಲೆಯ ಸಿಬ್ಬಂದಿಯನ್ನೂ ಕರೆಸಿಕೊಂಡರೆ, ಮಧುಗಿರಿ ತಾಲ್ಲೂಕಿನ ಕೊಡಿಗೇನಹಳ್ಳಿಯಂಥ ಠಾಣೆಗೆ ದೂರು ಹೊತ್ತು ಬಂದವರು ಕಾಯಬೇಕು. ಆ ಕಾಯುವಿಕೆಗೂ ಬೆಲೆ ಇದೆ.

ಹಾಗಾಗಿ ಶುಲ್ಕ ಬೇಕು, ಅದೂ ಮುಂಗಡವಾಗಿ. ಕ್ರಿಕೆಟ್ ಪಂದ್ಯಗಳಿಗೆ ಶುಲ್ಕ ಹಾಕಿದ್ದ ಮಹಾರಾಷ್ಟ್ರ, 2023ರಲ್ಲಿ ಹಳೇ ಪಂದ್ಯಗಳಿಗೂ ಸೇರಿಸಿ ಅದನ್ನು ಇಳಿಸಿಬಿಟ್ಟಿತು. ವಿಷಯ ಬಾಂಬೆ ಹೈಕೋರ್ಟ್ ಮೆಟ್ಟಿಲೇರಿತು. ಬಾಕಿ ಬಿಡೋದಾದ್ರೆ ಬಿಲ್ ಯಾಕೆ?

ಊರ ಜಾತ್ರೆಗೆ, ಪ್ರತಿಭಟನೆಗೆ ಈ ಬಿಲ್ ಬೇಡ. ದುಡ್ಡು ಕಟ್ಟಿದವರಿಗೂ ‘ಆಗಲ್ಲ’ ಅನ್ನುವ ಅಧಿಕಾರ ಪೊಲೀಸರಿಗೆ ಇರಲೇಬೇಕು. ಅಂದು ವಿಧಾನಸೌಧದ ಮುಂದೆ ಸರ್ಕಾರವೇ ನಿಂತು ಸನ್ಮಾನ ಮಾಡಿತ್ತು. ಅಂಥ ದಿನ ‘ಆಗಲ್ಲ’ ಅನ್ನೋರು ಯಾರು?