ಹೆಳವನ ಹೊತ್ತಿಗೆ ಮತ್ತು ಜಾಲದ ವಿಶ್ವಕೋಶ: ಸಂಭಾವನೆ ಪಡೆದ ಬರಹದ ನಿಷ್ಪಕ್ಷತೆಯನ್ನು ಕುರಿತು

ಉತ್ತರ ಕರ್ನಾಟಕದ ವೃತ್ತಿನಿರತ ಅಲೆಮಾರಿ ಸಮುದಾಯಗಳಲ್ಲಿ ಹೆಳವರದು ವಿಶಿಷ್ಟ ಸ್ಥಾನ. ಒಕ್ಕಲು ಮನೆತನಗಳ ವಂಶಾವಳಿಯನ್ನು ಬರೆದಿಡುವುದು, ಸುಗ್ಗಿಯ ಕಾಲಕ್ಕೆ ಬಂದು ಅದನ್ನು ಓದಿ ಹೇಳುವುದು, ಪ್ರತಿಯಾಗಿ ಕಾಳು, ಹಣ, ಅನುಕೂಲವಿದ್ದರೆ ದನಕರು ಪಡೆಯುವುದು ಅವರ ಕುಲವೃತ್ತಿ. ಬಸವನ ಬಾಗೇವಾಡಿ ತಾಲ್ಲೂಕಿನ ಹೂವಿನ ಹಿಪ್ಪರಗಿ ಮತ್ತು ಅದರ ಸುತ್ತಣ ಊರುಗಳಲ್ಲಿ ಕ್ಷೇತ್ರಕಾರ್ಯ ನಡೆಸುವಾಗ ಇಂಥ ಪಠಣಗಳನ್ನು ಕೇಳುವ ಅವಕಾಶ ಈ ಲೇಖಕನಿಗೆ ದೊರೆತಿದೆ. ಆಗ ಮನಸ್ಸಿನಲ್ಲಿ ಉಳಿದ ಒಂದು ಪ್ರಶ್ನೆ ಇತ್ತೀಚೆಗೆ ಅನಿರೀಕ್ಷಿತ ದಿಕ್ಕಿನಿಂದ ಮರಳಿ ಎದುರಾಯಿತು. ಪಿಎಚ್.ಡಿ. ಪ್ರಬಂಧಗಳಲ್ಲಿ ಕಂಪನಿಗಳ, ಶಿಕ್ಷಣ ಸಂಸ್ಥೆಗಳ ಚರಿತ್ರೆಗೆ ಅಂತರಜಾಲದ ವಿಶ್ವಕೋಶವನ್ನೇ ಆಧಾರವಾಗಿ ಕೊಡುವ ರೂಢಿ ಬೆಳೆದಿದೆ. ಆ ನಮೂದುಗಳಲ್ಲಿ ಎಷ್ಟೋ ಸಂಬಂಧಪಟ್ಟವರಿಂದ ಹಣ ಪಡೆದವರು ಬರೆದವು ಎಂಬುದು ಈಗ ಗುಟ್ಟಾಗಿ ಉಳಿದಿಲ್ಲ. ಯಾರ ಚರಿತ್ರೆಯೋ ಅವರಿಂದಲೇ ಕೂಲಿ ಪಡೆದು ಬರೆದದ್ದನ್ನು ನಂಬುವುದು ಹೇಗೆ? ಹೆಳವನ ಹೊತ್ತಿಗೆಯ ಮುಂದೆ ನಾನು ಕೇಳಿಕೊಂಡ ಪ್ರಶ್ನೆಯೂ ಇದೇ ಆಗಿತ್ತು.

ಹೆಳವನ ಪಠಣ ನಡೆಯುವ ಸ್ಥಳ ಪಡಸಾಲೆ, ಇಲ್ಲವೆ ಮನೆಯ ಮುಂದಣ ಕಟ್ಟೆ. ಮನೆಯವರ ಜೊತೆಗೆ ಭಾವಬಂದರು, ನೆರೆಯವರು, ದಾರಿಹೋಕರು ಕೂಡುತ್ತಾರೆ. ಮೂಲಪುರುಷನಿಂದ ಆರಂಭಿಸಿ ಬೆಡಗು, ಮೂಲಸ್ಥಳ, ವಲಸೆ ಬಂದ ದಾರಿ, ಅಣ್ಣತಮ್ಮಂದಿರ ಪಾಲು, ಹುಟ್ಟಿದ ಮಕ್ಕಳು ಹೀಗೆ ಅವನು ಇಳಿದು ಬರುತ್ತಾನೆ. ಹೊಗಳಿಕೆ ಧಾರಾಳವಾಗಿರುತ್ತದೆ. ಆದರೆ ಗಮನಿಸಬೇಕಾದ ಸಂಗತಿಗಳು ಎರಡು. ಮೊದಲನೆಯದು, ಹೆಳವನಿಗೆ ಸಲ್ಲುವ ಕಾಳು ಎಲ್ಲರ ಕಣ್ಣೆದುರೇ ಅವನ ಚೀಲಕ್ಕೆ ಬೀಳುತ್ತದೆ. ಯಾರ ಅನ್ನ ಉಂಡು ಯಾರನ್ನು ಹೊಗಳುತ್ತಿದ್ದಾನೆ ಎಂಬುದು ಕೇಳುವ ಮಗುವಿಗೂ ತಿಳಿದಿರುತ್ತದೆ. ಆದ್ದರಿಂದ ಹೊಗಳಿಕೆಯನ್ನು ಹೊಗಳಿಕೆಯಾಗಿ, ಹೆಸರುಗಳ ಸರಣಿಯನ್ನು ದಾಖಲೆಯಾಗಿ ಜನ ತಾವೇ ಬೇರ್ಪಡಿಸಿಕೊಳ್ಳುತ್ತಾರೆ. ಎರಡನೆಯದು, ಕೇಳುವವರು ಸುಮ್ಮನೆ ಕೂರುವುದಿಲ್ಲ. ಹಿರಿಯನೆಂದು ಓದಿದವನು ಕಿರಿಯನಾಗಿದ್ದರೆ, ಒಂದು ಕವಲು ಬಿಟ್ಟುಹೋಗಿದ್ದರೆ, ಅಲ್ಲಿಯೇ ತಡೆದು ಹೇಳುತ್ತಾರೆ.

ಇಷ್ಟರಿಂದ ಹೆಳವನ ಹೊತ್ತಿಗೆ ನಿಷ್ಪಕ್ಷವಾಯಿತೆಂದು ಹೇಳಲಾಗದು. ನಾನು ಕೇಳಿದ ಪಠಣಗಳಲ್ಲಿ ಹೆಣ್ಣುಮಕ್ಕಳು ಕೊಟ್ಟ ಊರಿನ ಹೆಸರಾಗಿ ಮಾತ್ರ ಬಂದರು, ಸೋತ ವ್ಯಾಜ್ಯಗಳು ಬರಲೇ ಇಲ್ಲ. ಸಂಭಾವನೆ ಪಡೆದ ಬರಹದ ದೋಷ ಸುಳ್ಳು ಹೇಳುವುದರಲ್ಲಿರುವುದು ಕಡಿಮೆ, ಬಿಡುವುದರಲ್ಲಿರುವುದೇ ಹೆಚ್ಚು.

ಶಾಸನಗಳ ಅಧ್ಯಯನ ಮಾಡಿದವರಿಗೆ ಇದು ಹೊಸ ಮಾತಲ್ಲ. ಕ್ರಿ.ಶ. 634ರ ಐಹೊಳೆಯ ಮೇಗುತಿ ಶಾಸನವನ್ನು ರಚಿಸಿದ ರವಿಕೀರ್ತಿ, ಇಮ್ಮಡಿ ಪುಲಕೇಶಿಯ ದಿಗ್ವಿಜಯವನ್ನು ವರ್ಣಿಸುವುದರ ಜೊತೆಗೆ ತನ್ನ ಹೆಸರನ್ನೂ, ಆ ದೊರೆಯ ಕೃಪೆಗೆ ತಾನು ಪಾತ್ರನಾದುದನ್ನೂ ಮುಚ್ಚುಮರೆಯಿಲ್ಲದೆ ದಾಖಲಿಸಿದ್ದಾನೆ. ತನ್ನ ಕೀರ್ತಿಯನ್ನು ಕಾಳಿದಾಸ, ಭಾರವಿಯರ ಕೀರ್ತಿಗೆ ಸಮವೆಂದು ಹೇಳಿಕೊಳ್ಳುವಷ್ಟು ನಿಸ್ಸಂಕೋಚ ಅವನದು! ಅದೇ ಪುಲಕೇಶಿಯ ರಾಜಧಾನಿ ಬಾದಾಮಿಯನ್ನು ಕ್ರಿ.ಶ. 642ರಲ್ಲಿ ಗೆದ್ದ ಪಲ್ಲವ ನರಸಿಂಹವರ್ಮನ ಹೆಸರು ಬಾದಾಮಿಯ ಬಂಡೆಯ ಮೇಲೆಯೇ ಇದೆ. ಎರಡೂ ಪ್ರಶಸ್ತಿಗಳು, ಎರಡೂ ಪಕ್ಷಪಾತದವು. ಒಂದರ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ಓದಲು ಸಾಧ್ಯವಾದುದರಿಂದ ಇತಿಹಾಸಕಾರನಿಗೆ ಸತ್ಯದ ಹತ್ತಿರ ಹೋಗಲು ದಾರಿಯಾಯಿತು. ಬರೆದವನು ಯಾರು, ಬರೆಸಿದವನು ಯಾರು ಎಂಬುದು ಕಲ್ಲಿನ ಮೇಲೆಯೇ ಇರುವುದು ಆ ಓದಿಗೆ ಮೊದಲ ಆಧಾರ.

2001ರಲ್ಲಿ ಇಂಗ್ಲಿಷಿನಲ್ಲಿ, 2003ರಲ್ಲಿ ಕನ್ನಡದಲ್ಲಿ ಆರಂಭವಾದ ವಿಕಿಪೀಡಿಯ ಈ ಬಗೆಯ ಕರ್ತೃತ್ವವನ್ನೇ ನಿರಾಕರಿಸಿತು. ನಮೂದಿನ ಕೆಳಗೆ ಯಾರ ಹೆಸರೂ ಇರುವುದಿಲ್ಲ. ಮಾತು ಯಾರದೂ ಅಲ್ಲದ, ಆದ್ದರಿಂದ ಎಲ್ಲರದೂ ಆದ ಧ್ವನಿಯಲ್ಲಿ ಬರುತ್ತದೆ. ತಟಸ್ಥ ದೃಷ್ಟಿಕೋನವು ಅದರ ಮೂಲ ನಿಯಮಗಳಲ್ಲಿ ಒಂದು. ಈ ಧ್ವನಿಗೆ ಬೆಲೆ ಬಂದದ್ದೇ ಅದನ್ನು ಕೊಳ್ಳುವವರು ಹುಟ್ಟಿಕೊಳ್ಳಲು ಕಾರಣವಾಯಿತು. ಜಾಹೀರಾತಿನಲ್ಲಿ ಕಂಪನಿಯೊಂದು ತನ್ನನ್ನು ಅಗ್ರಗಣ್ಯವೆಂದರೆ ಓದುಗ ನಕ್ಕು ಪುಟ ತಿರುವುತ್ತಾನೆ. ಅದೇ ಮಾತು ವಿಶ್ವಕೋಶದಲ್ಲಿದ್ದರೆ ಟಿಪ್ಪಣಿ ಮಾಡಿಕೊಳ್ಳುತ್ತಾನೆ.

2013ರಲ್ಲಿ ವಿಕಿ-ಪಿಆರ್ ಎಂಬ ಅಮೆರಿಕದ ಸಂಸ್ಥೆ ಗಿರಾಕಿಗಳಿಂದ ಹಣ ಪಡೆದು, ನೂರಾರು ಹುಸಿಹೆಸರಿನ ಖಾತೆಗಳ ಮೂಲಕ ಇಂಗ್ಲಿಷ್ ವಿಕಿಪೀಡಿಯದಲ್ಲಿ ನಮೂದುಗಳನ್ನು ಬರೆಯುತ್ತಿದ್ದುದು ಬಯಲಿಗೆ ಬಂದಿತು. 2014ರ ಜೂನ್‌ನಲ್ಲಿ ವಿಕಿಮೀಡಿಯ ಪ್ರತಿಷ್ಠಾನವು ತನ್ನ ಬಳಕೆಯ ನಿಯಮಗಳನ್ನು ತಿದ್ದಿ, ಹಣ ಪಡೆದು ಬರೆಯುವವರು ತಮ್ಮ ಒಡೆಯರನ್ನೂ ಗಿರಾಕಿಯನ್ನೂ ಬಹಿರಂಗಪಡಿಸಬೇಕೆಂದು ವಿಧಿಸಿತು. ಮರುವರ್ಷವೇ ಬೆಳಕಿಗೆ ಬಂದ ಪ್ರಕರಣದಲ್ಲಿ 381 ಖಾತೆಗಳನ್ನು ನಿರ್ಬಂಧಿಸಬೇಕಾಯಿತು. ಅಲ್ಲಿಯ ಕಾರ್ಯವಿಧಾನ ಕುತೂಹಲಕರವಾದುದು. ತಿರಸ್ಕೃತವಾದ ನಮೂದುಗಳ ಕರಡುಗಳನ್ನು ಹುಡುಕಿ, ಸಂಬಂಧಪಟ್ಟ ಸಣ್ಣ ವ್ಯಾಪಾರಿಗಳನ್ನು ಸಂಪರ್ಕಿಸಿ, ಹಣ ಕೊಟ್ಟರೆ ಪ್ರಕಟಿಸುವುದಾಗಿ ಹೇಳುತ್ತಿದ್ದರು. ಪ್ರಕಟವಾದ ಮೇಲೆ ಅದನ್ನು ಅಳಿಸದಂತೆ ಕಾಯಲು ತಿಂಗಳ ಕಪ್ಪವನ್ನೂ ಕೇಳುತ್ತಿದ್ದರು. ಹೆಳವನು ಓದಿದ್ದಕ್ಕೆ ಕಾಳು ಕೇಳಿದ್ದುಂಟು, ವಂಶವನ್ನು ಅಳಿಸದಿರಲು ಕೇಳಿದ್ದನ್ನು ನಾನು ಕಂಡಿಲ್ಲ.

ನಮ್ಮ ದೇಶದ ಮಟ್ಟಿಗೆ ಗಂಭೀರವಾದ ಉದಾಹರಣೆಯೆಂದರೆ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಪ್ಲಾನಿಂಗ್ ಅಂಡ್ ಮ್ಯಾನೇಜ್‌ಮೆಂಟ್ ಸಂಸ್ಥೆಯ ನಮೂದಿನದು. ಇಂಗ್ಲಿಷ್ ವಿಕಿಪೀಡಿಯದ ನಿರ್ವಾಹಕನೇ ಆಗಿದ್ದ ‘ವೈಫಿಒನ್’ ಎಂಬ ಖಾತೆಯು ವರ್ಷಗಳ ಕಾಲ ಆ ಸಂಸ್ಥೆಗೆ ಅನುಕೂಲವಾಗುವಂತೆ ಸಂಪಾದನೆ ಮಾಡಿದೆ ಎಂಬ ಆರೋಪ ಎದ್ದು, 2015ರ ಫೆಬ್ರವರಿಯಲ್ಲಿ ಅಲ್ಲಿಯ ಪಂಚಾಯಿತಿ ಸಮಿತಿ ಆ ಖಾತೆಯನ್ನು ಬಹಿಷ್ಕರಿಸಿತು. ಹಣದ ವ್ಯವಹಾರ ಸಾಬೀತಾಯಿತೆಂದು ಹೇಳಲಾಗದು. ಪಕ್ಷಪಾತವನ್ನು ಕುರಿತ ನಿರ್ಣಯ ಮಾತ್ರ ಸ್ಪಷ್ಟವಾಗಿತ್ತು. ಇದೇ ಸಂಸ್ಥೆಯನ್ನು ಟೀಕಿಸಿದ 70ಕ್ಕೂ ಹೆಚ್ಚು ಜಾಲಪುಟಗಳನ್ನು 2013ರಲ್ಲಿ ಗ್ವಾಲಿಯರ್‌ನ ನ್ಯಾಯಾಲಯವೊಂದರ ಆದೇಶದಂತೆ ನಿರ್ಬಂಧಿಸಲಾಗಿತ್ತೆಂಬುದನ್ನೂ, 2014ರಲ್ಲಿ ದೆಹಲಿ ಉಚ್ಚ ನ್ಯಾಯಾಲಯವು ವಿದ್ಯಾರ್ಥಿಗಳನ್ನು ತಪ್ಪುದಾರಿಗೆಳೆಯುವ ಪ್ರಚಾರಕ್ಕಾಗಿ ಸಂಸ್ಥೆಯ ವಿರುದ್ಧ ತೀರ್ಪು ನೀಡಿತೆಂಬುದನ್ನೂ ಜೊತೆಗಿಟ್ಟು ನೋಡಬೇಕು. ಹೊಲ ಅಡವಿಟ್ಟು ಮಗನನ್ನು ಓದಿಸಲು ಹೊರಟ ತಂದೆಗೆ ಇಂಥ ನಮೂದು ಜ್ಞಾನದ ಪ್ರಶ್ನೆಯಾಗಿ ಉಳಿಯದೆ ಜೀವನದ ಪ್ರಶ್ನೆಯಾಗುತ್ತದೆ.

ಕನ್ನಡದ ಅನುಭವ ಬೇರೆ ತೆರನಾದುದು. ಗೂಗಲ್ ಸಂಸ್ಥೆ ಅನುವಾದಕರಿಗೆ ಸಂಭಾವನೆ ಕೊಟ್ಟು ಇಂಗ್ಲಿಷ್ ನಮೂದುಗಳನ್ನು ಭಾರತೀಯ ಭಾಷೆಗಳಿಗೆ ತರಿಸಿತು. 2010ರ ಜುಲೈನಲ್ಲಿ ಅದು ಪ್ರಕಟಿಸಿದ ಲೆಕ್ಕದಂತೆ ಅರೇಬಿಕ್, ಗುಜರಾತಿ, ಹಿಂದಿ, ಕನ್ನಡ, ಸ್ವಾಹಿಲಿ, ತಮಿಳು, ತೆಲುಗುಗಳಿಗೆ ಒಟ್ಟು 1 ಕೋಟಿ 60 ಲಕ್ಷ ಪದಗಳಿಗೂ ಹೆಚ್ಚು ಅನುವಾದವಾಗಿತ್ತು. ಇಲ್ಲಿ ಕೂಲಿ ಗುಪ್ತವಾಗಿರಲಿಲ್ಲ. ಯಾವುದೇ ಕಂಪನಿಯನ್ನು ಹೊಗಳಿರೆಂಬ ಸೂಚನೆಯೂ ಇರಲಿಲ್ಲ. ಆದರೂ ತಮಿಳು ವಿಕಿಪೀಡಿಯದ ಸ್ವಯಂಸೇವಕರು ವಿಷಯಗಳ ಆಯ್ಕೆಯನ್ನೂ ಭಾಷೆಯನ್ನೂ ಬಹಿರಂಗವಾಗಿ ಆಕ್ಷೇಪಿಸಿದರು. ಆ ಆಕ್ಷೇಪ ಕನ್ನಡಕ್ಕೂ ಅನ್ವಯಿಸುತ್ತದೆ. ಒಂದೊಂದು ವಾಕ್ಯವೂ ತಟಸ್ಥವಾಗಿರಬಹುದು, ಆದರೆ ಯಾವುದರ ಬಗ್ಗೆ ವಾಕ್ಯ ಇರಬೇಕೆಂಬುದನ್ನು ಹಣ ಕೊಟ್ಟವನು ನಿರ್ಧರಿಸಿದಾಗ ಕೋಶದ ತಕ್ಕಡಿ ವಾಲುತ್ತದೆ. ಹೆಳವನ ಹೊತ್ತಿಗೆಯಲ್ಲಿಯೂ ಕಾಳು ಕೊಡಲಾರದ ಮನೆತನಕ್ಕೆ ಪುಟವಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು.

ತಟಸ್ಥತೆಯನ್ನು ಪರೀಕ್ಷಿಸಲು ನಮ್ಮ ಸೀಮೆಯದೇ ಒಂದು ಒರೆಗಲ್ಲು ಉಂಟು. ಆಗಿನ ಬಸವನ ಬಾಗೇವಾಡಿ ತಾಲ್ಲೂಕಿನ ಕೂಡಗಿಯಲ್ಲಿ ಎನ್.ಟಿ.ಪಿ.ಸಿ.ಯ ಉಷ್ಣ ವಿದ್ಯುತ್ ಸ್ಥಾವರ ತಲೆಯೆತ್ತಿತು. ತಲಾ 800 ಮೆಗಾವ್ಯಾಟ್‌ನ 3 ಘಟಕಗಳು, ಒಟ್ಟು 2400 ಮೆಗಾವ್ಯಾಟ್, ನೀರು ಆಲಮಟ್ಟಿಯದು. ಇವೆಲ್ಲ ಸಂಸ್ಥೆಯೇ ಕೊಡುವ ಅಂಕಿಗಳು, ನಿಜವಾದ ಅಂಕಿಗಳೂ ಹೌದು. 2014ರ ಜುಲೈನಲ್ಲಿ ಸ್ಥಾವರವನ್ನು ವಿರೋಧಿಸಿದ ರೈತರ ಮೇಲೆ ಪೊಲೀಸರು ಗುಂಡು ಹಾರಿಸಿದುದೂ, ರೈತರು ಗಾಯಗೊಂಡುದೂ ಅಷ್ಟೇ ನಿಜ. ಈ ಸಂಸ್ಥೆ ಹಣ ಕೊಟ್ಟು ಬರೆಸಿತೆಂದು ಇಲ್ಲಿ ಸೂಚಿಸುತ್ತಿಲ್ಲ. ನನ್ನ ಮಾತು ಇಷ್ಟೇ: ಮೊದಲ ಬಗೆಯ ಅಂಕಿಗಳನ್ನು ಬರೆದು ಎರಡನೆಯದನ್ನು ಬಿಟ್ಟ ನಮೂದೊಂದು ಬಂದರೆ, ಅದರಲ್ಲಿ ಒಂದು ಸುಳ್ಳನ್ನೂ ತೋರಿಸಲು ಬರುವುದಿಲ್ಲ. ಅದು ಪ್ರಶಸ್ತಿಯೆಂದು ಗೊತ್ತಾಗಬೇಕಾದರೆ ಕಟ್ಟೆಯ ಮೇಲೆ ಕೂತು ಕೇಳುವ ನೆರೆಯವನೊಬ್ಬ ಬೇಕು. ಸಕ್ರಿಯ ಸಂಪಾದಕರು ಕೆಲವೇ ಮಂದಿ ಇರುವ ಕನ್ನಡದಂಥ ಆವೃತ್ತಿಯಲ್ಲಿ ಆ ನೆರೆಯವನೇ ದುರ್ಲಭ.

2014ರ ನಿಯಮವು ಈ ಕೊರತೆಯನ್ನು ತುಂಬುವುದೆಂಬ ನಂಬಿಕೆ ನನಗಿಲ್ಲ. ಬಹಿರಂಗಪಡಿಸಬೇಕೆಂದಿರುವುದು ಸಂಪಾದಕನ ಸ್ವಂತ ಪುಟದಲ್ಲಿ, ಚರ್ಚಾಪುಟದಲ್ಲಿ, ಇಲ್ಲವೆ ತಿದ್ದುಪಡಿಯ ಕಿರುಟಿಪ್ಪಣಿಯಲ್ಲಿ. ಓದುಗನ ಕಣ್ಣು ಬೀಳುವ ನಮೂದಿನಲ್ಲೇ ಇರಬೇಕೆಂಬ ಕಡ್ಡಾಯವಿಲ್ಲ. ಪಡಸಾಲೆಯಲ್ಲಿ ಅಳೆಯಬೇಕಾದ ಕಾಳನ್ನು ಅಟ್ಟದ ಮೇಲೆ ಅಳೆದಂತೆ ಇದು. ಇಂದು ಅದೇ ನಮೂದು ಶೋಧಯಂತ್ರಗಳ ಚೌಕಟ್ಟಿಗೆ, ಕೃತಕ ಬುದ್ಧಿಮತ್ತೆಯ ಉತ್ತರಗಳಿಗೆ ಹರಿದುಹೋಗುವಾಗ ಅಟ್ಟ ಹಿಂದೆಯೇ ಉಳಿಯುತ್ತದೆ, ಮಾತು ಮಾತ್ರ ಮುಂದೆ ಸಾಗುತ್ತದೆ.

ಕೂಲಿಯಿಲ್ಲದ ಬರಹವೆಲ್ಲ ತಟಸ್ಥವೆಂಬ ಭ್ರಮೆಯೂ ಬೇಡ. ಹಿಂದಿನ ಇಂಡಿ ತಾಲ್ಲೂಕಿನ ಹಲಸಂಗಿಯ ಗೆಳೆಯರು ಯಾರ ಕಾಣಿಕೆಯನ್ನೂ ಬಯಸದೆ ಹಾಡುಗಳನ್ನು ಸಂಗ್ರಹಿಸಿದರು. ಅವರ 1931ರ ಸಂಕಲನಕ್ಕೆ ‘ಗರತಿಯ ಹಾಡು’ ಎಂದು ಹೆಸರಿಟ್ಟಾಗ ಹಾಡಿದವರನ್ನು ಕುರಿತ ಒಂದು ಮೌಲ್ಯನಿರ್ಣಯವೂ ಶೀರ್ಷಿಕೆಯಲ್ಲಿಯೇ ಸೇರಿಕೊಂಡಿತು. ಆದರೆ ಸಂಗ್ರಾಹಕರು ಯಾರೆಂಬುದು ನಮಗೆ ಗೊತ್ತಿದೆ, ಆದ್ದರಿಂದ ಆ ನಿರ್ಣಯವನ್ನು ಅಳೆದು ನೋಡಬಲ್ಲೆವು.

ಜಾಲದ ವಿಶ್ವಕೋಶದಲ್ಲಿಯೂ ಅಳೆಯುವ ಸಾಧನ ಇಲ್ಲದಿಲ್ಲ. ಪ್ರತಿ ನಮೂದಿನ ಹಿಂದೆ ‘ಇತಿಹಾಸ’ವೆಂಬ ಪುಟವಿದೆ, ಯಾವ ದಿನ, ಯಾವ ಖಾತೆ, ಯಾವ ಸಾಲನ್ನು ಸೇರಿಸಿತು, ಯಾವುದನ್ನು ತೆಗೆಯಿತು ಎಂಬುದು ಅಲ್ಲಿ ಉಳಿಯುತ್ತದೆ. ಮುದ್ರಿತ ಕೋಶಗಳಲ್ಲಿ ಇಂಥ ಸೌಕರ್ಯ ಇರಲಿಲ್ಲ. ನನ್ನ ಮಾರ್ಗದರ್ಶನದ ವಿದ್ಯಾರ್ಥಿಗಳಿಗೆ ಈಗ ಒಂದು ನಿಯಮ ಮಾಡಿದ್ದೇನೆ. ಕಂಪನಿಯನ್ನೋ ಸಂಸ್ಥೆಯನ್ನೋ ಕುರಿತ ಜಾಲದ ನಮೂದನ್ನು ಉಲ್ಲೇಖಿಸುವುದಾದರೆ, ನೋಡಿದ ಆವೃತ್ತಿಯ ದಿನಾಂಕವನ್ನೂ, ಅದರ ಇತಿಹಾಸದ ಪುಟದಿಂದ ತೆಗೆದುಹಾಕಲಾದ ಭಾಗಗಳನ್ನೂ ಅಡಿಟಿಪ್ಪಣಿಯಲ್ಲಿ ಕೊಡಬೇಕು. ಒಬ್ಬ ವಿದ್ಯಾರ್ಥಿನಿ ಹೀಗೆ ಮಾಡಲು ಹೋಗಿ, ನಮೂದಿಗಿಂತ ಅಳಿಸಿದ ಭಾಗವೇ ಉದ್ದವಾಗಿದೆಯೆಂದು ಹೇಳಿ, ಅದನ್ನೇ ಒಂದು ಅಧ್ಯಾಯವಾಗಿ ಬರೆಯಲು ಅನುಮತಿ ಕೇಳಿದ್ದಾಳೆ.