ಕಂಬಳಿ ಗೋಡೆಯ ಅಳತೆಗೋಲು

ಎರಡು ಮಂಚಗಳ ನಡುವೆ ಒಂದು ಹಗ್ಗ, ಹಗ್ಗದ ಮೇಲೊಂದು ಕಂಬಳಿ. ಫ್ರಾಂಕ್ ಕಾಪ್ರಾನ ‘ಇಟ್ ಹ್ಯಾಪನ್ಡ್ ಒನ್ ನೈಟ್’ (1934) ಚಿತ್ರದ ಈ ದೃಶ್ಯವನ್ನು ಎಷ್ಟು ಸಲ ನೋಡಿದರೂ ನನಗೆ ತಣಿವಿಲ್ಲ. ಮಳೆಯ ರಾತ್ರಿ ಒಂದೇ ಕೋಣೆ ಹಿಡಿಯಬೇಕಾಗಿ ಬಂದ ಪತ್ರಕರ್ತ ಆಚೆ, ಮನೆ ಬಿಟ್ಟು ಬಂದ ಸಿರಿವಂತರ ಮಗಳು ಈಚೆ. ಅವಳು ಕಳಚಿದ ಬಟ್ಟೆ ಕಂಬಳಿಯ ಮೇಲೆ ಬೀಳುತ್ತದೆ. ಅದನ್ನು ತೆಗೆದುಬಿಡು ಎಂದು ಅವನು ಕೇಳಿಕೊಳ್ಳುತ್ತಾನೆ. ಪ್ರೀತಿಯ ಮಾತು ಒಂದೂ ಇಲ್ಲ, ನಮಗೆ ಎಲ್ಲವೂ ತಿಳಿಯುತ್ತದೆ. ಸಿನಿಮಾಕ್ಕೆ ಮಾತು ಬಂದು ಏಳೇ ವರ್ಷವಾಗಿತ್ತು. ಮಾತು ಎಲ್ಲಿ ಬೇಡ ಎಂಬುದನ್ನೂ ಅಷ್ಟರಲ್ಲೇ ಕಲಿತಿದ್ದರು. ಚಿತ್ರ, ನಿರ್ದೇಶಕ, ನಟ, ನಟಿ, ಚಿತ್ರಕಥೆ, ಐದೂ ಆಸ್ಕರ್‌ಗಳು ಅದಕ್ಕೇ ಸಂದವು.

ಕೊಯಮತ್ತೂರಿನ ಸ್ಟುಡಿಯೊ ಪರಂಪರೆಯನ್ನು ನಾನು ಅಳೆಯುವುದು ಈ ಕಂಬಳಿಯಿಂದ. ಕನ್ನಡಿಗರಿಗೆ ಅದು ಪರವೂರಿನ ವಿಷಯವಲ್ಲ. 1956ರವರೆಗೆ ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಯಲ್ಲೇ ಇತ್ತು. ರಾಜ್‌ಕುಮಾರ್ ಅವರ ಗಾಜನೂರೂ ಆಗ ಆ ಜಿಲ್ಲೆಯದೇ.

ರೈಲ್ವೆಯಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದ ಸ್ವಾಮಿಕಣ್ಣು ವಿನ್ಸೆಂಟ್ 1905ರಲ್ಲಿ ಫ್ರೆಂಚನೊಬ್ಬನಿಂದ ಪ್ರೊಜೆಕ್ಟರ್ ಕೊಂಡು ಊರೂರು ಸುತ್ತಿ, 1914ರಲ್ಲಿ ಕೊಯಮತ್ತೂರಿನಲ್ಲಿ ವೆರೈಟಿ ಹಾಲ್ ಕಟ್ಟಿದರು. ಮುಂದೆ ಸೆಂಟ್ರಲ್ ಸ್ಟುಡಿಯೊ ಬಂತು, 1945ರ ಹೊತ್ತಿಗೆ ಎಸ್.ಎಂ. ಶ್ರೀರಾಮುಲು ನಾಯ್ಡು ಅವರ ಪಕ್ಷಿರಾಜ. ಆರಂಭದ ಚಿತ್ರಗಳ ದೌರ್ಬಲ್ಯವನ್ನು ಮುಚ್ಚಿಡಬಾರದು. ‘ಶಿವಕವಿ’ಯಲ್ಲಿ (1943) ತ್ಯಾಗರಾಜ ಭಾಗವತರ್ ಹಾಡಲು ನಿಂತರೆ ಕಥೆಯೂ ನಿಲ್ಲುತ್ತದೆ. ಪಾಪನಾಶಂ ಶಿವನ್ ಅವರ ಹಾಡುಗಳು ಅಮೃತ, ಒಪ್ಪಿದೆ. ಆದರೆ ಕ್ಯಾಮೆರಾ ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತು ನಾಟಕ ನೋಡುವ ಪ್ರೇಕ್ಷಕನಂತೆ ಕದಲುವುದೇ ಇಲ್ಲ.

ಈ ಕುರ್ಚಿಯಿಂದ ಅದನ್ನು ಎಬ್ಬಿಸಿದವರು ಕೆ. ರಾಮ್‌ನಾಥ್. ಮೂಲತಃ ಛಾಯಾಗ್ರಾಹಕರು, ವಾಹಿನಿ ಮತ್ತು ಜೆಮಿನಿಗಳಲ್ಲಿ ಪಳಗಿದವರು. ಪಕ್ಷಿರಾಜಕ್ಕಾಗಿ 1950ರಲ್ಲಿ ಅವರು ನಿರ್ದೇಶಿಸಿದ ‘ಏಳೈ ಪಡುಂ ಪಾಡು’ ವಿಕ್ಟರ್ ಹ್ಯೂಗೋನ ‘ಲೇ ಮಿಸರಾಬ್ಲ್’. ಅದೇ ಕಾದಂಬರಿಯನ್ನು ಹಾಲಿವುಡ್ 1935ರಲ್ಲೇ ಫ್ರೆಡ್ರಿಕ್ ಮಾರ್ಚ್, ಚಾರ್ಲ್ಸ್ ಲಾಟನ್ ಅವರಿಂದ ಮಾಡಿಸಿತ್ತು. ಆತಿಥ್ಯ ಕೊಟ್ಟ ಪಾದ್ರಿಯ ಬೆಳ್ಳಿ ಕದ್ದವನಿಗೆ ಆತನೇ ದೀಪದ ಕಂಬಗಳನ್ನೂ ಕೊಟ್ಟು ಕಳಿಸುವ ಕಥೆಯಿದು. ಉಪದೇಶಕ್ಕೆ ಜಾರಲು ಹೆಜ್ಜೆಹೆಜ್ಜೆಗೂ ಅವಕಾಶ. ಕಳ್ಳನ ಪಾತ್ರದ ನಾಗಯ್ಯನವರ ಮುಖವನ್ನು ನಂಬಿದ್ದೇ ರಾಮ್‌ನಾಥ್‌ರ ದೊಡ್ಡತನ. ಆ ಕಳ್ಳನನ್ನು ಬೆನ್ನಟ್ಟುವ ಪೊಲೀಸ್ ಅಧಿಕಾರಿ ಜಾವೆರ್ ತಮಿಳಿನಲ್ಲಿ ಜಾವರ್ ಆದ. ಪಾತ್ರ ಮಾಡಿದ ಸೀತಾರಾಮನ್ ಬದುಕಿಡೀ ‘ಜಾವರ್’ ಸೀತಾರಾಮನ್ ಆಗಿಯೇ ಉಳಿದರು. ಎರವಲು ತಂದ ಪಾತ್ರ ಇಲ್ಲಿನ ಮಣ್ಣಿಗೆ ಎಷ್ಟು ಒಗ್ಗಿತೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ನಾಯ್ಡು ಅವರ ದಾರಿ ಬೇರೆ. ಎಂಜಿಆರ್ ನಟಿಸಿದ ‘ಮಲೈಕ್ಕಳ್ಳನ್’ (1954) ರಾಷ್ಟ್ರಪತಿಗಳ ಬೆಳ್ಳಿ ಪದಕ ಪಡೆಯಿತು. ಅದೇ ಕಥೆ ತೆಲುಗಿಗೆ, ಹಿಂದಿಗೆ, ಮಲಯಾಳಕ್ಕೆ, ಸಿಂಹಳಕ್ಕೆ ಹೋಯಿತು. 1957ರಲ್ಲಿ ಕಲ್ಯಾಣ್‌ಕುಮಾರ್, ಮೈನಾವತಿ ಜೋಡಿಯ ‘ಬೆಟ್ಟದ ಕಳ್ಳ’ವಾಗಿ ಕನ್ನಡಕ್ಕೂ ಬಂತು. ಆರು ಭಾಷೆಗಳನ್ನು ಹೀಗೆ ಸಂಭಾಳಿಸಿದ ಶಿಸ್ತಿಗೆ ನಾನು ತಲೆಬಾಗುತ್ತೇನೆ. ಆದರೂ ಅಚ್ಚು ಒಂದೇ ಆದಾಗ ಬೆಟ್ಟ ಯಾವ ಸೀಮೆಯದೂ ಆಗುವುದಿಲ್ಲ. ಕನ್ನಡ ಚಿತ್ರರಂಗವನ್ನು ದಶಕಗಟ್ಟಲೆ ಬಿಡದೆ ಕಾಡಿದ ರೀಮೇಕ್ ಚಾಳಿಯ ಒಂದು ಬೇರು ಇಲ್ಲಿದೆ ಎಂದೇ ನನ್ನ ನಂಬಿಕೆ. ಕಾಪ್ರಾನ ಕಥೆಯೂ ‘ಚೋರಿ ಚೋರಿ’ (1956) ಮುಂತಾದವನ್ನು ದಾಟಿ 2007ರಲ್ಲಿ ‘ಹುಡುಗಾಟ’ವಾಗಿ ನಮ್ಮಲ್ಲಿಗೆ ಬಂತು. ಹಾಡುಗಳು ಗೆದ್ದವು, ಕಂಬಳಿಯ ಎರಡೂ ಬದಿಯ ಆ ಮೌನ ಬರಲಿಲ್ಲ.

ಮುಂದೆ ನಾಯ್ಡು ಬೆಂಗಳೂರಿಗೆ ಬಂದು ಚಾಮುಂಡೇಶ್ವರಿ ಸ್ಟುಡಿಯೊ ಕಟ್ಟಿದರು. ಕೊಯಮತ್ತೂರಿನ ದುಡಿಮೆಯ ಕ್ರಮ, ವೇಗ, ಲೆಕ್ಕಾಚಾರ ಅವರೊಂದಿಗೆ ಕನ್ನಡಕ್ಕೆ ದಕ್ಕಿತು. ರಾಮ್‌ನಾಥ್‌ರ ಕಣ್ಣು ದಕ್ಕಲಿಲ್ಲ. ಅವರು 1956ರಲ್ಲೇ ತೀರಿಕೊಂಡಿದ್ದರು.